ಮರಗಳು ಚಿಗುರುವ ಮೊದಲು

2020ರ ಮಾರ್ಚ್ 23ರ ರಾತ್ರಿ ಬ್ರಿಟನ್ನಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ, ತೀರಾ ಅಗತ್ಯದ ಕೆಲಸಗಳನ್ನು ಬಿಟ್ಟರೆ ವ್ಯಾಯಾಮಕ್ಕೆಂದು ದಿನಕ್ಕೆ ಒಮ್ಮೆ ಮಾತ್ರ ಹೊರಗೆ ಹೋಗಿಬರಲು ಅನುಮತಿಯಿತ್ತು. ಇಂಗ್ಲೆಂಡಿನಲ್ಲಿ ನಮ್ಮ ಮನೆಗೆ ಹತ್ತು ನಿಮಿಷದ ದೂರದಲ್ಲಿರುವ ಹಳೆಯ ಓಕ್ ಕಾಡಿಗೆ ಅದುವರೆಗೆ ವರ್ಷಕ್ಕೊಮ್ಮೆ, ಅದೂ ಬ್ಲೂಬೆಲ್ ಎಂಬ ನೀಲಿ ಕಾಡುಹೂ ಅರಳಿದಾಗ ಮಾತ್ರ ಹೋಗುತ್ತಿದ್ದ ನಾನು, ಆ ವಸಂತದಲ್ಲಿ ದಿನವೂ ಅದೇ ಕಾಲುದಾರಿಯಲ್ಲಿ ನಡೆದೆ. ಕಾಡುಹೂಗಳಿಗೆ ಎಷ್ಟು ಕಡಿಮೆ ಕಾಲಾವಕಾಶವಿದೆ ಎಂಬುದು ನನಗೆ ಕಣ್ಣಾರೆ ತಿಳಿದದ್ದು ಆಗಲೇ.

ಚಳಿಗಾಲದಲ್ಲಿ ಓಕ್ ಮರಗಳು ಬೋಳಾಗಿರುತ್ತವೆ. ಮಾರ್ಚ್ ಬಂದು ಹಗಲು ಹಿಗ್ಗಿ ಮಣ್ಣು ಬೆಚ್ಚಗಾಗತೊಡಗಿದಾಗ ಬರಿಯ ಕೊಂಬೆಗಳ ನಡುವಿನಿಂದ ಬಿಸಿಲು ನೆಲದವರೆಗೂ ಇಳಿಯುತ್ತದೆ. ಮೇ ತಿಂಗಳ ನಡುವಿಗೆ ಎಲೆಗಳ ಚಾವಣಿ ಮುಚ್ಚಿಕೊಂಡು, ನೆಲಕ್ಕೆ ತಲುಪುವ ಬೆಳಕು ತೀರಾ ಅಲ್ಪವಾಗುತ್ತದೆ. ಈ ಕೆಲವೇ ವಾರಗಳಲ್ಲಿ ನೆಲದ ಗಿಡಗಳು ಎಲೆ ಬಿಟ್ಟು, ಹೂ ಅರಳಿಸಿ, ಬೀಜ ಕಟ್ಟಿ, ಮುಂದಿನ ವರ್ಷಕ್ಕೆ ಬೇಕಾದ ಆಹಾರವನ್ನು ಮಣ್ಣಿನೊಳಗೆ ಕೂಡಿಡಬೇಕು. ಬೀಜದಿಂದ ಆರಂಭಿಸಿದರೆ ಇಷ್ಟರೊಳಗೆ ಯಾವುದೂ ಮುಗಿಯದು. ಆದ್ದರಿಂದಲೇ ಇವುಗಳಲ್ಲಿ ಹೆಚ್ಚಿನವು ಹಿಂದಿನ ವಸಂತದ ಉಳಿತಾಯವನ್ನು ಗೆಡ್ಡೆಯಲ್ಲೋ ಮಣ್ಣಿನೊಳಗೆ ಅಡ್ಡಲಾಗಿ ಹಬ್ಬುವ ಬೇರುಕಾಂಡದಲ್ಲೋ ಇಟ್ಟುಕೊಂಡಿರುತ್ತವೆ. ಬ್ಲೂಬೆಲ್ ಬೀಜ ಮೊಳೆತು ಮೊದಲ ಹೂ ಬಿಡಲು ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಮೊದಲು ಬಂದದ್ದು ಸೆಲಂಡೈನ್, ಮೆರುಗೆಣ್ಣೆ ಹಚ್ಚಿದಂತೆ ಹೊಳೆಯುವ ಹಳದಿ ಹೂ. ಬೆನ್ನಿಗೇ ಬಿಳಿಯ ವುಡ್ ಅನಿಮೋನೆ. ಮೋಡ ಕವಿದ ದಿನ ಇದು ದಳಗಳನ್ನು ಮುಚ್ಚಿ ತಲೆ ತಗ್ಗಿಸಿ ನಿಲ್ಲುವುದರಿಂದ, ಹಿಂದಿನ ದಿನ ಬೆಳ್ಳಗೆ ಕಂಡ ಜಾಗ ಮರುದಿನ ಬರಿದಾದಂತೆ ತೋರುತ್ತಿತ್ತು. ಬೀಜಕ್ಕಿಂತ ಹೆಚ್ಚಾಗಿ ಬೇರುಕಾಂಡವನ್ನೇ ನೆಚ್ಚಿಕೊಂಡಿರುವ ಈ ಗಿಡ ನೂರು ವರ್ಷದಲ್ಲಿ ಹರಡುವುದು ಸುಮಾರು ಆರು ಅಡಿ. ಒಂದು ಅಂಗಳದಷ್ಟು ಅಗಲಕ್ಕೆ ಅನಿಮೋನೆ ಹಬ್ಬಿದ್ದರೆ ಆ ನೆಲ ಶತಮಾನಗಳಿಂದ ಉಳುಮೆ ಕಂಡಿಲ್ಲವೆಂದು ಊಹಿಸಬಹುದು. ಇಂಗ್ಲೆಂಡಿನಲ್ಲಿ 1600ರಿಂದ ಎಡೆಬಿಡದೆ ಕಾಡಾಗಿಯೇ ಉಳಿದ ಜಾಗಗಳನ್ನು ಪ್ರಾಚೀನ ಕಾಡು ಎಂದು ಪರಿಗಣಿಸುತ್ತಾರೆ. ಅಂಥವನ್ನು ಗುರುತಿಸಲು ನೆರವಾಗುವ ಗಿಡಗಳಲ್ಲಿ ಇದೂ ಒಂದು.

ನಾನು ಹೆಚ್ಚು ಹೊತ್ತು ಕಳೆದದ್ದು ಪ್ರಿಮ್‌ರೋಸ್ ಮುಂದೆ. ಮಂಡಿಯೂರಿ ಕುಳಿತು ತಿಳಿಹಳದಿ ಹೂವಿನ ಬಾಯೊಳಗೆ ನೋಡಿದರೆ, ಒಂದು ಗಿಡದ ಹೂಗಳಲ್ಲೆಲ್ಲ ನಡುವೆ ಗುಂಡುಸೂಜಿಯ ತಲೆಯಂಥ ಹಸಿರು ಶಲಾಕಾಗ್ರ, ಅಂದರೆ ಪರಾಗವನ್ನು ಸ್ವೀಕರಿಸುವ ಹೆಣ್ಣುಭಾಗದ ತುದಿ, ಕಾಣುತ್ತದೆ. ಪಕ್ಕದ ಗಿಡದಲ್ಲಿ ಅದು ಕಾಣುವುದೇ ಇಲ್ಲ, ಅದರ ಜಾಗದಲ್ಲಿ ಐದು ಪರಾಗಕೋಶಗಳು ಉಂಗುರದಂತೆ ಕೂಡಿರುತ್ತವೆ. ಮೊದಲನೆಯದರಲ್ಲಿ ಪರಾಗಕೋಶಗಳೂ ಎರಡನೆಯದರಲ್ಲಿ ಶಲಾಕಾಗ್ರವೂ ಹೂವಿನ ಕೊಳವೆಯ ನಡುಭಾಗದಲ್ಲಿ ಅಡಗಿರುತ್ತವೆ. ಉದ್ದ ಸೊಂಡಿಲಿನ ಕೀಟವೊಂದು ಮಕರಂದಕ್ಕೆ ಬಾಯಿ ಹಾಕಿದಾಗ, ಒಂದು ಬಗೆಯ ಹೂವಿನ ಪರಾಗ ಅಂಟುವ ಎತ್ತರವೂ ಇನ್ನೊಂದು ಬಗೆಯ ಹೂವಿನ ಶಲಾಕಾಗ್ರದ ಎತ್ತರವೂ ಸರಿಹೊಂದುತ್ತವೆ. ಇದು ಒಂದು ಗಿಡದ ಪರಾಗ ಇನ್ನೊಂದು ಗಿಡದ ಹೂವಿಗೆ ತಲುಪುವ ಪರಕೀಯ ಪರಾಗಸ್ಪರ್ಶಕ್ಕೆ ಒದಗಿಬಂದ ಏರ್ಪಾಡೆಂದು ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದ್ದಾನೆ. ಓದಿ ತಿಳಿದಿದ್ದರೂ, ಎರಡನ್ನೂ ಒಂದೇ ದಿಬ್ಬದ ಮೇಲೆ ಅಕ್ಕಪಕ್ಕ ಕಂಡಾಗಿನ ಸಂತೋಷ ಬೇರೆಯೇ.

ಏಪ್ರಿಲ್ ಕೊನೆಗೆ ಬ್ಲೂಬೆಲ್ ಕಾಡನ್ನೆಲ್ಲ ನೀಲಿಯಾಗಿಸಿತು. ಜಗತ್ತಿನ ಈ ಹೂಗಳಲ್ಲಿ ಸುಮಾರು ಅರ್ಧದಷ್ಟು ಬ್ರಿಟನ್ನಿನಲ್ಲಿವೆ ಎಂಬ ಅಂದಾಜಿದೆ. ನನಗೆ ನೋವಾದದ್ದು ಫೋಟೋಕ್ಕಾಗಿ ಹೂಗಳ ನಡುವೆ ತುಳಿದು ಮೂಡಿದ್ದ ಹೊಸ ಜಾಡುಗಳನ್ನು ಕಂಡು. ಜಜ್ಜಿಹೋದ ಎಲೆ ಮತ್ತೆ ಚೇತರಿಸಿಕೊಂಡು ಆಹಾರ ತಯಾರಿಸದು. ಉಣಿಸುವ ಎಲೆಯಿಲ್ಲದ ಗೆಡ್ಡೆ ಸೊರಗುತ್ತದೆ, ತುಳಿತಕ್ಕೆ ಸಿಕ್ಕ ಜಾಗ ಮತ್ತೆ ತುಂಬಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ.

ಅಲ್ಲಿಯವರೆಗಿನ ದಾಖಲೆಗಳಲ್ಲೇ ಅತಿ ಹೆಚ್ಚು ಬಿಸಿಲು ಬಿದ್ದ ವಸಂತ ಅದು. ಮೇ 13ರಂದು ಇಂಗ್ಲೆಂಡಿನಲ್ಲಿ ದಿನಕ್ಕೊಂದೇ ನಡಿಗೆಯೆಂಬ ಮಿತಿ ಸಡಿಲವಾಗುವ ವೇಳೆಗೆ ಓಕ್ ಎಲೆಗಳು ಕೂಡಿಕೊಂಡು ಕಾಲುದಾರಿ ನೆರಳಾಗಿತ್ತು. ಮಾರ್ಚಿನಲ್ಲಿ ಸೆಲಂಡೈನ್ ಹೊಳೆದಿದ್ದ ಜಾಗದಲ್ಲಿ ಅದರ ಎಲೆಗಳು ಹಳದಿಯಾಗಿ ನೆಲಕ್ಕೆ ಅಂಟಿದ್ದವು. ದಾರಿಯಂಚಿನಲ್ಲಿ ಮಣ್ಣನ್ನು ಬೆರಳಿನಿಂದ ತುಸು ಸರಿಸಿದಾಗ, ಬಿಳಿಯ ಪುಟ್ಟ ಗೆಡ್ಡೆಗಳು ಗೊಂಚಲಾಗಿ ತುಂಬಿಕೊಂಡಿದ್ದುದು ಕಂಡಿತು. ಮಣ್ಣು ಮುಚ್ಚಿ ಮನೆಗೆ ಬಂದೆ.