ಹಳೇ ಫೆಂಡರ್ ಕೊಳ್ಳುವ ಮುಂಚೆ: ಟಿಂಕರಿಂಗ್ ಕಲಿಯುವವರಿಗೆ ಒಂದು ಟಿಪ್ಪಣಿ

ನಾನು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಟಿಂಕರಿಂಗ್, ಅಂದರೆ ಗಾಡಿಯ ನಜ್ಜಾದ ತಗಡು ಸರಿಮಾಡುವ ಕೆಲಸ, ಕಲಿಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಒಂದು ಆಲ್ಟೊ ಬಂತು. ಮುಂದಿನ ಎಡ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ನಜ್ಜುಗುಜ್ಜಾಗಿತ್ತು. ಗಾಡಿಗೆ ಹತ್ತು ವರ್ಷ ದಾಟಿತ್ತು. ಅಷ್ಟು ಹಳೇ ಗಾಡಿಗೆ ಮಾಮೂಲಿ ಇನ್ಶೂರೆನ್ಸ್‌ನಲ್ಲಿ ಲೋಹದ ಪಾರ್ಟ್ ಬೆಲೆಯಲ್ಲಿ ಶೇ. 50 ಸವಕಳಿ ಕಳೆಯುತ್ತಾರೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಅದಕ್ಕೇ ಮಾಲೀಕರು, "ಒಳ್ಳೇ ಹಳೇ ಪೀಸ್ ಸಿಕ್ಕಿದ್ರೆ ಅದನ್ನೇ ಹಾಕಿ ಮಾರಾಯ್ರೇ" ಎಂದರು.

ಆರ್‌ಸಿಯಲ್ಲಿ 2012 ಎಂದಿತ್ತು. ಗುಜರಿ ಅಂಗಡಿಯಲ್ಲಿ "2012ರ ಆಲ್ಟೊ, ಲೆಫ್ಟ್ ಫೆಂಡರ್" ಎಂದು ಕೇಳಿ ತಂದೆ. ಅದು ಕೂರಲೇ ಇಲ್ಲ. ಹೆಡ್‌ಲೈಟ್ ಹತ್ತಿರದ ಅಂಚೇ ಬೇರೆ ಥರ ಇತ್ತು. ಯಾಕೆಂದರೆ 2000ದಲ್ಲಿ ಬಂದ ಹಳೇ ಆಲ್ಟೊ 2012ರವರೆಗೂ ಬರುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಲ್ಟೊ 800 ಬಂತು, ಮುಂಭಾಗದ ತಗಡೆಲ್ಲ ಬದಲಾಯಿತು. ಎರಡೂ 2012ರ ಗಾಡಿಗಳೇ, ಆದರೆ ಒಂದರ ಫೆಂಡರ್ ಇನ್ನೊಂದಕ್ಕೆ ಆಗುವುದಿಲ್ಲ.

ಹಾಗಾಗಿ ಮಾಡೆಲ್ ಹೆಸರು, ರಿಜಿಸ್ಟ್ರೇಷನ್ ವರ್ಷ ಎರಡನ್ನೂ ನಂಬಿ ಹೊರಡಬೇಡಿ. ಆರ್‌ಸಿಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಡಿಸೆಂಬರ್‌ನಲ್ಲಿ ತಯಾರಾದ ಗಾಡಿ ಮುಂದಿನ ವರ್ಷ ರಿಜಿಸ್ಟರ್ ಆಗಿರಬಹುದು, ಅಲ್ವಾ? 17 ಅಕ್ಷರದ ಚಾಸಿ ನಂಬರ್ ಬರೆದುಕೊಂಡು ಕಂಪನಿ ಪಾರ್ಟ್ಸ್ ಕೌಂಟರ್‌ನಲ್ಲಿ ಕೇಳಿದರೆ ಸರಿಯಾದ ಪಾರ್ಟ್ ನಂಬರ್ ಸಿಗುತ್ತದೆ. ಸ್ವಿಫ್ಟ್ ನೋಡಿ. 2005, 2011, 2018, 2024: ನಮ್ಮಲ್ಲಿ ಹೆಸರು ಒಂದೇ, ಬಾಡಿ ನಾಲ್ಕು. ಆದರೆ ನಡುವೆ ಬರುವ ಫೇಸ್‌ಲಿಫ್ಟ್‌ನಲ್ಲಿ ಸಾಮಾನ್ಯವಾಗಿ ಬಂಪರ್, ಗ್ರಿಲ್, ಲೈಟುಗಳಷ್ಟೇ ಬದಲಾಗುತ್ತವೆ. ಡೋರ್ ಬಹುಪಾಲು ಅದೇ ಇರುತ್ತದೆ. ಇದು ಗೊತ್ತಿದ್ದರೆ ಹುಡುಕುವುದು ಸುಲಭ.

ಎಡ, ಬಲ ಅಂದರೆ ಡ್ರೈವರ್ ಸೀಟಿನಲ್ಲಿ ಕೂತವರ ಎಡ, ಬಲ. ಗಾಡಿ ಎದುರು ನಿಂತು ನೋಡಿದರೆ ಉಲ್ಟಾ ಆಗುತ್ತದೆ. ಇಂಡಿಕೇಟರ್ ಲೈಟ್ ಫೆಂಡರ್ ಮೇಲಿದೆಯಾ, ಕನ್ನಡಿಯಲ್ಲಿದೆಯಾ ಅಂತಲೂ ನೋಡಿ. ಕನ್ನಡಿಯಲ್ಲಿದ್ದರೆ ಫೆಂಡರ್‌ನಲ್ಲಿ ತೂತು ಇರದೇ ಇರಬಹುದು. ಕಿತ್ತ ಪೀಸನ್ನೇ ಜೊತೆಗೆ ಒಯ್ದು ಪಕ್ಕದಲ್ಲಿಟ್ಟು ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

ಈಗ ನಮ್ಮ ಊರಿಗೆ ಮುಖ್ಯವಾದ ವಿಷಯ: ತುಕ್ಕು. ಆಗುಂಬೆ, ಹೊಸನಗರ ಕಡೆ ಓಡಿದ ಗಾಡಿಯ ಪೀಸ್ ಹೊರಗಿನಿಂದ ಕನ್ನಡಿ ಥರ ಹೊಳೆಯುತ್ತಿರಬಹುದು. ತಿರುಗಿಸಿ ಒಳಗೆ ನೋಡಿ. ಚಕ್ರದ ಹಿಂದೆ, ಫೆಂಡರ್ ತುದಿ ಡೋರ್ ಕಡೆಗೆ ಇಳಿಯುವ ಜಾಗದಲ್ಲಿ ಕೆಂಪು ಮಣ್ಣು, ಕೊಳೆತ ಎಲೆ ಸೇರಿ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲೂ ಅದರೊಳಗೆ ತೇವ ಆರದೆ ಉಳಿದಿರಬಹುದು. ನಮ್ಮ ಮೇಸ್ತ್ರಿ ಆ ಮಣ್ಣನ್ನು ಉಗುರಲ್ಲಿ ಕೆರೆದು, ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದರು. ಕರ್ ಅಂತ ಸದ್ದಾಯಿತು, ಬಿಸ್ಕತ್ತಿನ ಚೂರಿನಂತೆ ತಗಡು ಉದುರಿತು. ಹೊರಗಡೆ ಒಂದು ಗುಳ್ಳೆಯೂ ಇರಲಿಲ್ಲ. ಡೆಂಟ್ ಇರುವ ಗಟ್ಟಿ ತಗಡು ಇದಕ್ಕಿಂತ ಎಷ್ಟೋ ಮೇಲು. ಡೆಂಟ್ ತೆಗೆಯುವುದು ನಮ್ಮ ಕೈಯಲ್ಲಿದೆ, ತುಕ್ಕು ತಿಂದ ತಗಡನ್ನು ಯಾರೂ ಮರಳಿ ತರಲಾರರು.

ಡೆಂಟ್ ಮುಚ್ಚಲು ಪೇಂಟಿನಡಿ ಮೆತ್ತಿದ ಪುಟ್ಟಿಯನ್ನು ಪತ್ತೆ ಮಾಡಲು ಚಿಕ್ಕ ಮ್ಯಾಗ್ನೆಟ್ ಸಾಕು. ತೆಳು ಬಟ್ಟೆ ಸುತ್ತಿ ಉದ್ದಕ್ಕೂ ಸರಿಸಿ. ಹಿಡಿತ ಎಲ್ಲಿ ಸಡಿಲವಾಗುತ್ತದೋ ಅಲ್ಲಿ ಪುಟ್ಟಿ ದಪ್ಪ ಇದೆ. ಪ್ಲಾಸ್ಟಿಕ್, ಅಲ್ಯೂಮಿನಿಯಂಗೆ ಈ ಪರೀಕ್ಷೆ ನಡೆಯದು. ಡೋರ್ ಆದರೆ ಕೆಳಗಿನ ಮಡಿಕೆ ನೋಡಿ. ಕಂಪನಿಯ ಸೀಲಂಟ್ (ಸಂದಿ ಮುಚ್ಚುವ ಅಂಟು) ಗೆರೆ ಒಂದೇ ಸಮ ಇರುತ್ತದೆ. ಅಲ್ಲಲ್ಲಿ ಮೆತ್ತಿದಂತಿದ್ದರೆ ಅಲ್ಲಿ ಕೆಲಸ ಆಗಿದೆ ಅಂತಲೇ ತಿಳಿಯಿರಿ.

ಫೆಂಡರ್, ಬಾನೆಟ್, ಡೋರ್, ಡಿಕ್ಕಿ ಬಾಗಿಲು ಬೋಲ್ಟ್ ಬಿಚ್ಚಿ ತೆಗೆಯುವಂಥವು. ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ತಗಡು) ಬಾಡಿಗೆ ಸ್ಪಾಟ್ ವೆಲ್ಡ್ ಆಗಿರುತ್ತದೆ, ಅಂದರೆ ಚುಕ್ಕಿ ಚುಕ್ಕಿಯಾಗಿ ಬೆಸೆದಿರುತ್ತದೆ. ಅದನ್ನು ಕಟ್ ಮಾಡಿ ಕೂರಿಸುವುದು ನಮ್ಮಂಥ ಹೊಸಬರ ಕೆಲಸವಲ್ಲ.

ಬಿಲ್ ಕೇಳಲು ಸಂಕೋಚ ಬೇಡ. ಯಾವ ಗಾಡಿಯಿಂದ ತೆಗೆದಿದ್ದು ಎಂದು ಚಾಸಿ ನಂಬರ್ ಸಮೇತ ಬರೆಸಿಕೊಳ್ಳಿ. ಕದ್ದ ಮಾಲು ಎಂದು ತಿಳಿದು, ಅಥವಾ ಹಾಗೆ ಅನ್ನಿಸಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ರೇಟ್ ತೀರಾ ಕಮ್ಮಿ ಇದ್ದು ಬಿಲ್ ಕೊಡಲು ಹಿಂದೆಮುಂದೆ ನೋಡಿದರೆ ಸುಮ್ನೆ ವಾಪಸ್ ಬನ್ನಿ.

ಅದೇ ಬಣ್ಣದ ಪೀಸ್ ಸಿಕ್ಕರೂ ಬಿಸಿಲಿಗೆ ಮಾಸಿದ್ದು ಹೆಚ್ಚುಕಮ್ಮಿ ಇರುತ್ತದೆ. ಸಿಲ್ವರ್‌ನಲ್ಲಿ ಇದು ಜಾಸ್ತಿ ಎದ್ದು ಕಾಣುತ್ತದೆ. ಹಾಗಾಗಿ ಪೇಂಟಿಂಗ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಪೇಂಟ್‌ಗೆ ಮುಂಚೆ ಒಮ್ಮೆ ಕೂರಿಸಿ ನೋಡಲೇಬೇಕು. ಬೋಲ್ಟ್ ಸಡಿಲ ಬಿಟ್ಟು, ಬಾನೆಟ್ ಮುಚ್ಚಿ, ಡೋರನ್ನು ತೆರೆದು ಮುಚ್ಚಿ ನೋಡಿ ಗ್ಯಾಪ್ ಸಮ ಮಾಡಿ. ತೂತುಗಳಲ್ಲಿ ಸ್ವಲ್ಪ ಸರಿಸಲು ಜಾಗ ಇರುತ್ತದೆ. ಅದರಲ್ಲೂ ಕೂರದಿದ್ದರೆ ತೂತು ಅಗಲ ಮಾಡಬೇಡಿ. ಪೀಸ್ ತಪ್ಪಿರಬೇಕು, ಇಲ್ಲವೇ ಹೊಡೆತಕ್ಕೆ ಒಳಗಿನ ಬಾಡಿ ಸರಿದಿರಬೇಕು. ಒಳಬದಿಗೆ ತುಕ್ಕು ತಡೆಯುವ ಕೋಟಿಂಗ್ ಹೊಡೆಯುವಾಗ ನೀರು ಇಳಿಯುವ ತೂತುಗಳನ್ನು ಮುಚ್ಚಬೇಡಿ. ಡೋರ್‌ನ ಅಡಿಯಲ್ಲಂತೂ ಒಂದು ತಂತಿ ಹಾಕಿ ನೋಡಿಯೇ ಬಿಡಿ.