ಅರ್ಜಿದಾರರು ತೀರಿಕೊಂಡರೆ ಮೇಲ್ಮನವಿ ಏನಾಗುತ್ತದೆ? (ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರ)

ನಾನು ಮೊದಲು ಎಡವಿದ್ದೇ ಇಲ್ಲಿ. ನಮ್ಮ ಸಿವಿಲ್ ದಾವೆಯಲ್ಲಿ ವಾದಿ ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ಸೇರಿಸಿಕೊಳ್ಳಲು ಅರ್ಜಿ ಹಾಕುತ್ತೇವೆ. ದಾವೆ ನಡೆಯುತ್ತಲೇ ಇರುತ್ತದೆ. ಅಮೆರಿಕದಲ್ಲೂ ಹಾಗೇ ಇರಬೇಕು ಅಂದುಕೊಂಡಿದ್ದೆ. ಹಾಗಿಲ್ಲ. ಮಾಜಿ ಸೈನಿಕರ ಪರಿಹಾರದ ಅರ್ಜಿ ಅವರ ಸಾವಿನೊಂದಿಗೇ ಮುಗಿಯುತ್ತದೆ ಎಂದು 1994ರ ಲ್ಯಾಂಡಿಚೊ ಪ್ರಕರಣದಲ್ಲಿ ಅಲ್ಲಿನ ಕೋರ್ಟ್ ಹೇಳಿತು. ಇಂಥ ಮೇಲ್ಮನವಿಗಳನ್ನು ಕೇಳುವ ಮಂಡಳಿಯ ಮುಂದಿರುವ ಮೇಲ್ಮನವಿಯೂ ವಜಾ ಆಗುತ್ತದೆ. ಹಾಗಂತ ಸೋತರು ಎಂದಲ್ಲ. ನಡೆಸಲು ಜನ ಇಲ್ಲ, ಅಷ್ಟೇ.

ಮನೆಯವರಿಗೆ ಎರಡು ದಾರಿ ಇವೆ. ಹಳೆಯದು ‘ಅಕ್ರೂಡ್ ಬೆನಿಫಿಟ್ಸ್’, ಅಂದರೆ ಬದುಕಿದ್ದಾಗ ಬರಬೇಕಿದ್ದು ಬಾರದೆ ಉಳಿದ ಬಾಕಿ. ಹೊಸದು ‘ಸಬ್‌ಸ್ಟಿಟ್ಯೂಷನ್’, ಅಂದರೆ ಸತ್ತವರ ಜಾಗದಲ್ಲಿ ನಿಂತು ಅದೇ ಅರ್ಜಿಯನ್ನು ನಡೆಸುವುದು. ಎರಡಕ್ಕೂ ಸಾವಿನ ದಿನದಿಂದ ಒಂದು ವರ್ಷದ ಗಡುವು. ಸಾಯುವಾಗ ಅರ್ಜಿ ಅಥವಾ ಮೇಲ್ಮನವಿ ಬಾಕಿ ಇರಬೇಕು. ಕೇಳುವ ಹಕ್ಕಿನ ಸರದಿಯೂ ಒಂದೇ: ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಮಕ್ಕಳು, ಕೊನೆಗೆ ಅವರನ್ನೇ ನೆಚ್ಚಿಕೊಂಡಿದ್ದ ತಂದೆತಾಯಿ. ಹಾಗಾದರೆ ಎರಡು ದಾರಿ ಯಾಕೆ ಬೇಕಿತ್ತು, ಅಲ್ವಾ?

ವ್ಯತ್ಯಾಸ ಇರುವುದು ಸಾಕ್ಷ್ಯದಲ್ಲಿ. ಒಂದು ಉದಾಹರಣೆ ಊಹಿಸಿಕೊಳ್ಳಿ. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದವರೊಬ್ಬರು ತಮ್ಮ ಕಾಯಿಲೆಗೆ ಸೇವೆಯೇ ಕಾರಣ ಎಂದು ಅರ್ಜಿ ಹಾಕಿದ್ದಾರೆ. ಖಾಸಗಿ ಡಾಕ್ಟರ ಅಭಿಪ್ರಾಯ ಪತ್ರ ಬರಬೇಕಿತ್ತು. ಅಷ್ಟರಲ್ಲಿ ಅವರು ಹೋಗಿಬಿಟ್ಟರು. ಪತ್ರ ಮುಂದಿನ ತಿಂಗಳು ಬಂತು. ಹಳೆಯ ದಾರಿಯಲ್ಲಿ ಅದು ಲೆಕ್ಕಕ್ಕಿಲ್ಲ, ಯಾಕೆಂದರೆ ಸಾವಿನ ದಿನ ಪರಿಹಾರ ಕೊಡುವ ಮಾಜಿ ಸೈನಿಕರ ಇಲಾಖೆಯ ಕೈಯಲ್ಲಿ ಏನಿತ್ತೋ ಅದನ್ನಷ್ಟೇ ನೋಡುತ್ತಾರೆ. (ಇಲಾಖೆಯ ಆಸ್ಪತ್ರೆಯ ದಾಖಲೆ ಫೈಲಿಗೆ ಸೇರಿರದಿದ್ದರೂ ಕೈಯಲ್ಲಿದ್ದಂತೆಯೇ. ಪರೀಕ್ಷೆಗೆ ಇದನ್ನು ಮರೆಯಬೇಡಿ.) ಸಬ್‌ಸ್ಟಿಟ್ಯೂಷನ್‌ನಲ್ಲಾದರೆ ಹೆಂಡತಿ ಆ ಪತ್ರವನ್ನು ಸೇರಿಸಬಹುದು.

ಆದರೆ ಸತ್ತವರಿಗೆ ಇಲ್ಲದ ಅವಕಾಶ ಅವರ ಜಾಗದಲ್ಲಿ ನಿಂತವರಿಗೂ ಇಲ್ಲ. ಹೊಸ ಸಾಕ್ಷ್ಯ ತೆಗೆದುಕೊಳ್ಳದ ನೇರ ಪರಿಶೀಲನೆಯನ್ನು ಅವರು ಮಂಡಳಿಯಲ್ಲಿ ಆರಿಸಿಕೊಂಡಿದ್ದರೆ ಆ ಕಟ್ಟು ಇವರಿಗೂ ಬರುತ್ತದೆ. ಸುಮ್ನೆ ಹೊಸ ಕಾಯಿಲೆಯೊಂದನ್ನು ಸೇರಿಸಿ ಕೇಳುವಂತೆಯೂ ಇಲ್ಲ.

ಈ ಎರಡನೇ ದಾರಿಯನ್ನು ತೆರೆದದ್ದು 2008ರ ಕಾಯ್ದೆ. ಆ ವರ್ಷದ ಅಕ್ಟೋಬರ್ 10ರಂದು ಅಥವಾ ಆಮೇಲೆ ತೀರಿಕೊಂಡವರ ಅರ್ಜಿಗಳಿಗೆ ಮಾತ್ರ ಅದು ಅನ್ವಯ. ಹಳೆಯ ದಾರಿಯಲ್ಲಿ ಎರಡು ವರ್ಷದ ಬಾಕಿಗಿಂತ ಜಾಸ್ತಿ ಕೊಡುತ್ತಿರಲಿಲ್ಲ. ಆ ಮಿತಿಯನ್ನು 2003ರಲ್ಲೇ ತೆಗೆದರು.

‘ಮಕ್ಕಳು’ ಎಂಬ ಮಾತಿಗೆ ಮೋಸಹೋಗಬೇಡಿ. 18 ತುಂಬದವರು, ಓದುತ್ತಿದ್ದರೆ 23ರವರೆಗೆ, ಇಲ್ಲವೇ 18ಕ್ಕೆ ಮೊದಲೇ ಸ್ವಂತವಾಗಿ ದುಡಿಯಲಾರದಂತೆ ಆದವರು, ಅದೂ ಮದುವೆಯಾಗದೆ ಇದ್ದರೆ. ಅಪ್ಪನನ್ನು ಹತ್ತು ವರ್ಷ ನೋಡಿಕೊಂಡ 40ರ ಮಗಳು ಆ ಪಟ್ಟಿಯಲ್ಲಿ ಇಲ್ಲ. ಸರದಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ, ಕೊನೆಯ ಕಾಯಿಲೆಗೂ ಅಂತ್ಯಕ್ರಿಯೆಗೂ ತಾನು ಹಾಕಿದ ದುಡ್ಡಿನಷ್ಟನ್ನು ಮಾತ್ರ ಅವಳು ಕೇಳಬಹುದು.