ಓದುಗರ ಪ್ರಶ್ನೆ: ಲಿಖಿತ ಉತ್ತರ ಕೊಟ್ಟರೆ ಸಚಿವರು ಜಾರಿಕೊಂಡಂತೆಯೇ?

ಪ್ರಶ್ನೆ: ರಾಜ್ಯದ ತೆರಿಗೆ ಪಾಲಿನ ಬಗ್ಗೆ ನಮ್ಮ ಸಂಸದರು ಲೋಕಸಭೆಯಲ್ಲಿ ಪ್ರಶ್ನೆ ಹಾಕಿದ್ದರು. ಹಣಕಾಸು ಸಚಿವರು ಎದ್ದು ನಿಂತು ಉತ್ತರಿಸಲೇ ಇಲ್ಲ, ಕಾಗದದಲ್ಲಿ ನಾಲ್ಕು ಸಾಲು ಕೊಟ್ಟು ಕೈತೊಳೆದುಕೊಂಡರು. ಇಂಥ ಉತ್ತರಕ್ಕೆ ಬೆಲೆ ಇದೆಯೇ?

ಬೆಲೆ ಇದೆ. ಎದ್ದು ನಿಂತು ಹೇಳಿದ ಉತ್ತರಕ್ಕೆ ಎಷ್ಟಿದೆಯೋ ಅಷ್ಟೇ ಇದೆ. ಅಧಿವೇಶನ ಶುರುವಾದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರವೂ ಬದಲಾಗುವುದಿಲ್ಲ. ಆದರೂ "ಬಾಯಿಬಿಟ್ಟು ಹೇಳಲಿಲ್ಲ, ಅಂದಮೇಲೆ ಏನೋ ಮುಚ್ಚಿಡುತ್ತಿದ್ದಾರೆ" ಎಂಬ ನಂಬಿಕೆ ಮಾತ್ರ ಅಲುಗಾಡುವುದಿಲ್ಲ. ಈ ಸಲ ಅದನ್ನು ಬುಡದಿಂದಲೇ ನೋಡೋಣ.

ಬಾಯಿಮಾತಿನ ಉತ್ತರ ಬೇಕೋ ಲಿಖಿತ ಉತ್ತರ ಬೇಕೋ ಎಂದು ಮೊದಲು ಹೇಳುವವರು ಸಚಿವರಲ್ಲ, ಪ್ರಶ್ನೆ ಕೇಳುವ ಸದಸ್ಯರೇ. ನೋಟಿಸಿನಲ್ಲಿ ಚುಕ್ಕೆ ಗುರುತು ಹಾಕಿದರೆ ಸದನದಲ್ಲಿ ಉತ್ತರ ಬೇಕು ಎಂದರ್ಥ, ಹಾಕದಿದ್ದರೆ ಲಿಖಿತ ಉತ್ತರ ಸಾಕು ಎಂದರ್ಥ. ನೋಟಿಸನ್ನು ಪೂರ್ಣ 15 ದಿನ ಮುಂಚೆ ಕೊಡಬೇಕು. ನೋಟಿಸ್ ಕೊಟ್ಟ ದಿನ, ಉತ್ತರ ಬರುವ ದಿನ ಎರಡನ್ನೂ ಬಿಟ್ಟು ಈ 15ನ್ನು ಎಣಿಸಬೇಕು. ಹಣಕಾಸು ಸಚಿವಾಲಯಕ್ಕೆ ಪ್ರತಿದಿನ ಪ್ರಶ್ನೆ ಹಾಕುವಂತೆಯೂ ಇಲ್ಲ. ಸಚಿವಾಲಯಗಳನ್ನು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಹಂಚಿರುತ್ತಾರೆ. ಈಗಿನ ಸರದಿಯಲ್ಲಿ ಹಣಕಾಸಿಗೆ ಲೋಕಸಭೆಯಲ್ಲಿ ಸೋಮವಾರ, ರಾಜ್ಯಸಭೆಯಲ್ಲಿ ಮಂಗಳವಾರ.

ಇನ್ನು ಚುಕ್ಕೆ ಹಾಕಿದವರಿಗೆಲ್ಲ ಅವಕಾಶ ಸಿಗುತ್ತದೆಯೇ? ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20 ಮಾತ್ರ, ಅದೂ ಆ ದಿನದ ಗುಂಪಿನ ಸಚಿವಾಲಯಗಳೆಲ್ಲ ಸೇರಿ. ಒಬ್ಬ ಸದಸ್ಯರಿಗೆ ಒಂದಕ್ಕಿಂತ ಹೆಚ್ಚು ಸಿಗದು. ಯಾರ ಪ್ರಶ್ನೆ ಮೊದಲು ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಅದರಲ್ಲಿ ಹಿಂದೆ ಬಿದ್ದ ಪ್ರಶ್ನೆಗಳು ಚುಕ್ಕೆ ಗುರುತಿಲ್ಲದ ಪಟ್ಟಿಗೆ ಹೋಗುತ್ತವೆ. ಆ ಪಟ್ಟಿಯಲ್ಲಿ ದಿನಕ್ಕೆ 230 ಪ್ರಶ್ನೆಗೆ ಜಾಗವಿದೆ. ಬರೀ ಅಂಕಿಅಂಶ ಕೇಳುವ ಪ್ರಶ್ನೆಗೆ ಲಿಖಿತ ಉತ್ತರವೇ ಸೂಕ್ತ ಎನಿಸಿದರೆ ಸ್ಪೀಕರ್ ಕೂಡ ಚುಕ್ಕೆ ತೆಗೆಯಬಹುದು. ನಿಮ್ಮ ಸಂಸದರ ಪ್ರಶ್ನೆ ಈ ಮೂರರಲ್ಲಿ ಯಾವ ದಾರಿಯಿಂದ ಲಿಖಿತ ಪಟ್ಟಿಗೆ ಬಂದಿದ್ದರೂ ಅದರಲ್ಲಿ ಹಣಕಾಸು ಸಚಿವರ ಕೈವಾಡ ಇಲ್ಲ.

ಆ 20ರ ಗತಿಯಾದರೂ ಏನು? ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ರಿಂದ 12, ಬರೀ ಒಂದು ಗಂಟೆ. ಒಂದೊಂದು ಪ್ರಶ್ನೆಗೂ ಕೇಳಿದವರಿಂದ ಎರಡು ಉಪಪ್ರಶ್ನೆ, ಆಮೇಲೆ ಬೇರೆ ಸದಸ್ಯರ ಉಪಪ್ರಶ್ನೆ. ಹೀಗಾಗಿ ಸಾಮಾನ್ಯವಾಗಿ ಐದಾರು ಪ್ರಶ್ನೆ ಮುಗಿಯುವಷ್ಟರಲ್ಲಿ ಗಂಟೆ ಹನ್ನೆರಡು. 2019ರ ನವೆಂಬರ್ 27ರಂದು ಲೋಕಸಭೆಯಲ್ಲಿ 20 ಪ್ರಶ್ನೆಗಳೂ ಚರ್ಚೆಗೆ ಬಂದಾಗ ಅದೇ ದೊಡ್ಡ ಸುದ್ದಿಯಾಯಿತು, 1972ರ ನಂತರ ಹಾಗಾಗಿದ್ದು ಅದೇ ಮೊದಲು. ಸರದಿ ಬಾರದೆ ಉಳಿದ ಚುಕ್ಕೆ ಪ್ರಶ್ನೆಗಳಿಗೆ ಸಿಗುವುದೂ ಲಿಖಿತ ಉತ್ತರವೇ. ಗದ್ದಲವಾಗಿ ಸದನ ಮುಂದಕ್ಕೆ ಹೋದರೆ ಇಪ್ಪತ್ತಕ್ಕೆ ಇಪ್ಪತ್ತೂ ಲಿಖಿತವೇ. ಅಂದರೆ "ಕಾಗದದ ಉತ್ತರ" ಎಂದು ನೀವು ಹೀಗಳೆಯುವ ಪಟ್ಟಿಯಲ್ಲಿ ಚುಕ್ಕೆ ಹೊತ್ತವೇ ಎಷ್ಟೋ ಇರುತ್ತವೆ.

ಕಾನೂನಿನ ತೂಕದಲ್ಲೂ ವ್ಯತ್ಯಾಸವಿಲ್ಲ. ಲಿಖಿತ ಉತ್ತರವೂ ಸದನದಲ್ಲಿ ಮಂಡನೆಯಾಗುತ್ತದೆ, ನಡಾವಳಿಯಲ್ಲಿ ಸೇರುತ್ತದೆ. ಅದರಲ್ಲಿ ಬೇಕೆಂದೇ ಸುಳ್ಳು ಹೇಳಿದರೆ ಹಕ್ಕುಚ್ಯುತಿಯೇ, ಅಂದರೆ ಸದನದ ಹಕ್ಕಿಗೆ ಭಂಗ ತಂದಂತೆಯೇ. ಅಂಕಿ ತಪ್ಪಿದ್ದರೆ ಸದಸ್ಯರು ಸ್ಪೀಕರ್ ನಿರ್ದೇಶನ 115ರಡಿ ಅದನ್ನು ಎತ್ತಿ ತೋರಿಸಬಹುದು, ಸಚಿವರು ತಿದ್ದುಪಡಿ ಹೇಳಿಕೆ ಕೊಡಬೇಕಾಗುತ್ತದೆ. ಬಹುಮಂದಿಗೆ ಗೊತ್ತಿಲ್ಲದ ಇನ್ನೊಂದು ದಾರಿ ನಿಯಮ 55. ಇತ್ತೀಚೆಗೆ ಉತ್ತರ ಬಂದ ಯಾವುದೇ ಪ್ರಶ್ನೆಯ ಮೇಲೆ, ಚುಕ್ಕೆ ಇರಲಿ ಬಿಡಲಿ, ವಾಸ್ತವಾಂಶಕ್ಕೆ ಇನ್ನಷ್ಟು ವಿವರಣೆ ಬೇಕಿದ್ದರೆ ಅರ್ಧ ಗಂಟೆಯ ಚರ್ಚೆ ಕೇಳಬಹುದು. ಮೂರು ದಿನ ಮುಂಚೆ ನೋಟಿಸ್ ಕೊಡಬೇಕು, ಚರ್ಚೆ ಸೋಮವಾರ, ಬುಧವಾರ, ಶುಕ್ರವಾರದ ಕಲಾಪದ ಕೊನೆಯ ಅರ್ಧ ಗಂಟೆಯಲ್ಲಿ. ಲಿಖಿತ ಉತ್ತರ ಸಮಾಧಾನ ತರದಿದ್ದರೆ ನಿಮ್ಮ ಸಂಸದರು ಏಕೆ ನಿಯಮ 55ರ ನೋಟಿಸ್ ಕೊಡಲಿಲ್ಲ ಎಂದು ಅವರನ್ನೇ ಕೇಳಿ. ಆ ಕೆಲಸ ಸಚಿವರದ್ದಲ್ಲ.

ಚುಕ್ಕೆಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಅದರ ಬೆಲೆಯೆಲ್ಲ ಉಪಪ್ರಶ್ನೆಯಲ್ಲಿದೆ. ಮೊದಲ ಉತ್ತರ ಇಲಾಖೆಯಲ್ಲಿ ತಯಾರಾಗಿ ಬಂದದ್ದು, ಉಪಪ್ರಶ್ನೆಗೆ ಸಚಿವರು ನಿಂತಲ್ಲೇ ಉತ್ತರಿಸಬೇಕು. ಸದನದಲ್ಲಿ ಕೆದಕಿದರೆ ಏನಾಗಬಹುದು ಎಂಬುದಕ್ಕೆ ಹಳೆಯ ಉದಾಹರಣೆ ಮುಂಧ್ರಾ ಪ್ರಕರಣ. ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರುಗಳಲ್ಲಿ ಎಲ್‌ಐಸಿ ಸುಮಾರು 1.24 ಕೋಟಿ ರೂಪಾಯಿ ಹೂಡಿದ ವಿಷಯ 1957ರಲ್ಲಿ ಲೋಕಸಭೆಗೆ ಮೊದಲು ಬಂದದ್ದು ಪ್ರಶ್ನೆಯ ರೂಪದಲ್ಲೇ. ಆ ಡಿಸೆಂಬರ್‌ನಲ್ಲಿ ಸಂಸದ ಫಿರೋಜ್ ಗಾಂಧಿ ಅದನ್ನು ಚರ್ಚೆಗೆಳೆದರು. ತನಿಖೆಗೆ ಛಾಗ್ಲಾ ಆಯೋಗ ಕೂತಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಆದರೆ ವರ್ಷವಾರು, ರಾಜ್ಯವಾರು ಕೋಷ್ಟಕ ಬೇಕಿದ್ದರೆ ಚುಕ್ಕೆ ಇಲ್ಲದ ಪ್ರಶ್ನೆಯೇ ವಾಸಿ. ಐದು ವರ್ಷದ ಲೆಕ್ಕವನ್ನು ಬಾಯಲ್ಲಿ ಓದಿ ಹೇಳಿದರೆ ಯಾರಿಗೆ ಉಪಯೋಗ? ಕೋವಿಡ್ ಕಾರಣಕ್ಕೆ 2020ರ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ, ಲಿಖಿತ ಉತ್ತರ ಮಾತ್ರ ಇತ್ತು. ಲಾಕ್‌ಡೌನ್‌ನಲ್ಲಿ ಮೃತಪಟ್ಟ ವಲಸೆ ಕಾರ್ಮಿಕರ ಅಂಕಿಅಂಶ ನಿರ್ವಹಿಸಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಕಾರ್ಮಿಕ ಸಚಿವಾಲಯ ಒಪ್ಪಿಕೊಂಡದ್ದು ಅಂಥದೊಂದು ಲಿಖಿತ ಉತ್ತರದಲ್ಲೇ. ದೇಶವೆಲ್ಲ ದಿನಗಟ್ಟಲೆ ಅದನ್ನೇ ಮಾತಾಡಿತು.

ನೀವು ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ಬೇರೆ ಇದೆ. ಉತ್ತರ ಪೊಳ್ಳಾಗಿದ್ದದ್ದೇಕೆ? ಹತ್ತರಲ್ಲಿ ಎಂಟು ಸಲ ತಪ್ಪು ಪ್ರಶ್ನೆಯದ್ದೇ.

"ಕರ್ನಾಟಕಕ್ಕೆ ತೆರಿಗೆ ಪಾಲು ಎಷ್ಟು ಕೊಡಲಾಗಿದೆ?" ಎಂದಷ್ಟೇ ಕೇಳಿದರೆ ವರ್ಷದಿಂದ ವರ್ಷಕ್ಕೆ ಏರುವ ರೂಪಾಯಿ ಲೆಕ್ಕ ಬರುತ್ತದೆ, ಸರ್ಕಾರ ಎದೆ ತಟ್ಟಿಕೊಳ್ಳುತ್ತದೆ. ತೆರಿಗೆಯ ಒಟ್ಟು ಸಂಗ್ರಹ ಬೆಳೆದಾಗ ಪಾಲು ಕುಗ್ಗಿದ್ದರೂ ಮೊತ್ತ ಏರಬಹುದು. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು, 15ನೆಯದರ 2021–26ರ ಅವಧಿಗೆ ಶೇ 3.647ಕ್ಕೆ ಇಳಿಯಿತು. ಆದ್ದರಿಂದ ಮೊತ್ತ ಮತ್ತು ಶೇಕಡಾವಾರು ಎರಡನ್ನೂ ಕೇಳಬೇಕು. ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್‌ಚಾರ್ಜ್ ಎಷ್ಟು ಸಂಗ್ರಹವಾಯಿತು ಎಂಬುದನ್ನು ಬೇರೆ ಉಪವಿಭಾಗವಾಗಿ ಕೇಳಬೇಕು, ಏಕೆಂದರೆ ಸಂವಿಧಾನದ 270ನೇ ವಿಧಿಯಂತೆ ಅವು ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಸೇರುವುದಿಲ್ಲ. ಇಷ್ಟೆಲ್ಲ 150 ಪದದೊಳಗೆ ಮುಗಿಯಬೇಕು. ಅಭಿಪ್ರಾಯ ಕೇಳುವಂತಿಲ್ಲ, "ಒಂದು ವೇಳೆ ಹೀಗಾದರೆ" ಎನ್ನುವಂತಿಲ್ಲ.

ಬ್ಯಾಂಕ್ ಸಾಲದ್ದೂ ಇದೇ ಕಥೆ. ಐದು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು ಸುಮಾರು 10.09 ಲಕ್ಷ ಕೋಟಿ ರೂಪಾಯಿ ರೈಟ್ ಆಫ್ ಮಾಡಿವೆ ಎಂಬ ಉತ್ತರ 2022ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಬಂದಾಗ "ಅಷ್ಟೂ ಸಾಲ ಮನ್ನಾ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ರೈಟ್ ಆಫ್ ಎಂದರೆ ಬ್ಯಾಂಕು ತನ್ನ ಲೆಕ್ಕಪತ್ರದಿಂದ ತೆಗೆದದ್ದು, ಸಾಲಗಾರ ಋಣಮುಕ್ತನಾಗಲಿಲ್ಲ. ಹಾಗಂತ ಬ್ಯಾಂಕುಗಳು ಬೀಗುವುದಕ್ಕೂ ಏನಿಲ್ಲ. ಅಂಥ ಖಾತೆಗಳಿಂದ ಅದೇ ಅವಧಿಯಲ್ಲಿ ವಸೂಲಾದದ್ದು ಸುಮಾರು 1.32 ಲಕ್ಷ ಕೋಟಿ. ವಸೂಲಿಯ ಉಪವಿಭಾಗ ಇಲ್ಲದ ಪ್ರಶ್ನೆ ಅರ್ಧ ಪ್ರಶ್ನೆ.

ವಿಧಾನಸಭೆಯ ಉತ್ತರಗಳನ್ನು ಓದುವವರಿಗೂ ಇದೇ ಮಾತು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಅ, ಆ, ಇ, ಈ ಎಂದು ವಿಭಾಗ. "ಎಷ್ಟು ಅನುದಾನ ನೀಡಲಾಗಿದೆ?" ಎಂದು ಶಾಸಕರು ಕೇಳಿದರೆ ಬಲಗಡೆ ಬರುವುದು ಹಂಚಿಕೆಯ ಅಂಕಿ. ಬಿಡುಗಡೆ ಎಷ್ಟು, ವೆಚ್ಚ ಎಷ್ಟು ಎಂದು ಬಿಡಿಸಿ ಕೇಳಿದರಷ್ಟೇ ಉಳಿದೆರಡು ಅಂಕಣ ತುಂಬುತ್ತವೆ. "ವಿವರಗಳನ್ನು ಅನುಬಂಧದಲ್ಲಿ ಲಗತ್ತಿಸಿದೆ" ಎಂದಿದ್ದರೆ ಅನುಬಂಧವನ್ನೇ ಓದಿ, ವಿಷಯವೆಲ್ಲ ಅಲ್ಲೇ ಇರುತ್ತದೆ. ಅಂದಹಾಗೆ ಗೃಹಲಕ್ಷ್ಮಿ ಹಣ ಎಷ್ಟು ಕಂತು ಬಾಕಿ ಎಂದು ದೆಹಲಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಕೇಂದ್ರದ ಹೊಣೆಯಲ್ಲದ ವಿಷಯಕ್ಕೆ ಅಲ್ಲಿ ಪ್ರಶ್ನೆಯೇ ಅಂಗೀಕಾರವಾಗದು. ಅದನ್ನು ವಿಧಾನಸೌಧದಲ್ಲೋ ಬೆಳಗಾವಿಯಲ್ಲೋ ಕೇಳಬೇಕು. ಸದಸ್ಯರು ತುರ್ತು ವಿಷಯ ಪ್ರಸ್ತಾಪಿಸುವ ಶೂನ್ಯ ವೇಳೆಯಲ್ಲಿ ಎತ್ತಿದ ವಿಷಯಕ್ಕೆ ಸಂಸತ್ತಿನಲ್ಲಿ ಸಚಿವರು ಉತ್ತರಿಸಲೇಬೇಕೆಂಬ ಕಟ್ಟುಪಾಡಿಲ್ಲ, ಅದನ್ನು ಪ್ರಶ್ನೋತ್ತರಕ್ಕೆ ಗಂಟು ಹಾಕಬೇಡಿ.

ಕೊನೆಗೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂಬ ಉತ್ತರ. ಇದನ್ನು ಕಂಡು ಹೆಚ್ಚಿನವರು ಕೈಚೆಲ್ಲುತ್ತಾರೆ, ಆದರೆ ಸಂಸತ್ತಿನಲ್ಲಿ ಇದು ಭರವಸೆ ಎಂದು ದಾಖಲಾಗುತ್ತದೆ. "ಪರಿಶೀಲನೆಯಲ್ಲಿದೆ" ಎಂಬುದೂ ಹಾಗೆಯೇ. ಲೋಕಸಭೆಯಲ್ಲಿ 1953ರಿಂದಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಿ ವರದಿ ಮಂಡಿಸಬೇಕು, ಆಗದಿದ್ದರೆ ಕಾಲಾವಕಾಶ ಕೇಳಬೇಕು. ಸಚಿವಾಲಯಗಳು ಭರವಸೆಯನ್ನೇ ಕೈಬಿಡಿ ಎಂದು ಸಮಿತಿಗೆ ಬರೆಯುವುದೂ ಉಂಟು. ಒಪ್ಪುವುದು ಬಿಡುವುದು ಸಮಿತಿಗೆ ಸೇರಿದ್ದು. ನಿಮ್ಮ ಸಂಸದರಿಗೆ ಬಂದ ಉತ್ತರದಲ್ಲಿ ಆ ಮಾತಿದ್ದರೆ ಉತ್ತರದ ದಿನಾಂಕ ಮತ್ತು ಪ್ರಶ್ನೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಮಿತಿಯ ವರದಿಯಲ್ಲಿ ಹುಡುಕಲು ಬೇಕಾಗುವುದು ಅವೆರಡೇ.